ಮಗ್ಗದ ಕುಣಿಯ ಮೇಲೊಂದು ಜೀಪು

ಕಾಕಾ ತೀರಿಕೊಂಡ ದಿನ ಅವರ ಮನೆಯ ಪಡಸಾಲೆಯಲ್ಲಿ ಕೂತವರು ನಗು ತಡೆಯಲು ಒದ್ದಾಡುತ್ತಿದ್ದರು. ಬಂದವರು ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಮುಖ ಸಣ್ಣದು ಮಾಡಿಕೊಂಡು ಒಳಗೆ ಬಂದು, ಗೋಡೆಗೆ ಬೆನ್ನು ಕೊಟ್ಟು ಕೂಡುವರು. ಸ್ವಲ್ಪ ಹೊತ್ತಿಗೆ ಪಕ್ಕದವರ ಕಿವಿಗೆ ಬಾಗಿ, ನನಗೊಮ್ಮೆ ಇವ ಏನು ಮಾಡಿದ್ದ ಗೊತ್ತೇನು ಎಂದು ಶುರು ಮಾಡುವರು. ಮುಂದೆ ಇಬ್ಬರೂ ಹೆಗಲ ಮೇಲಿನ ಟಾವೆಲ್ಲನ್ನು ಬಾಯಿಗೆ ಹಿಡಿಯುವರು. ಮುಂಡರಗಿಯಿಂದ ಬಂದಿದ್ದ ಹಿರಿಯರೊಬ್ಬರು, ಇದು ಸತ್ತ ಮನೆಯೋ ಮದುವೆ ಮನೆಯೋ ಎಂದು ಎಲ್ಲರನ್ನೂ ಗದರಿದರು. ನಿಮಗೂ ಅವರು ಏನಾದರೂ ಮಾಡಿದ್ದರೇ ಎಂದು ಯಾರೋ ಮೆಲ್ಲಗೆ ಕೇಳಿದರು. ಹಿರಿಯರು ಎದ್ದು ಹೋಗಿ ಹೊರಗಿನ ಕಟ್ಟೆಯ ಮೇಲೆ ಕೂತು ಒಬ್ಬರೇ ನಕ್ಕು ಬಂದರು.

ಬೆಳಗಿನ ಚಹಾ ಕುಡಿದು, ಕಪ್ಪು, ಬಸಿ ಕೆಳಗಿಟ್ಟು, ಇನ್ನೊಂದು ಗಳಿಗೆ ಅಡ್ಡಾಗುತ್ತೇನೆ ಎಂದು ಅಡ್ಡಾದವರು ಏಳಲಿಲ್ಲವಂತೆ. ಅವರ ಹೆಂಡತಿ ಕಾಕು ಬಹಳ ಹೊತ್ತು ನಂಬಿರಲಿಲ್ಲ. ಇಂಥ ನಿದ್ದೆಯನ್ನು ಅವರು ಮೊದಲೂ ಒಂದೆರಡು ಸಲ ಮಾಡಿ ತೋರಿಸಿದ್ದರು.

ಅವರು ನಮಗೆ ಬಂಧುಗಳಲ್ಲ. ಬೆಟಗೇರಿಯ ನೇಕಾರರ ಓಣಿಯಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ, ಅಷ್ಟೇ. ಆ ಗೋಡೆಯಾಚೆ ಏನು ನಡೆದರೂ ನಮಗೆ ಕೇಳುತ್ತಿತ್ತು. ನಮ್ಮಲ್ಲಿ ಏನು ನಡೆದರೂ ಕಾಕಾ ಅದಕ್ಕೆ ಆ ಕಡೆಯಿಂದ ಉತ್ತರ ಕೊಡುತ್ತಿದ್ದರು. ಅವರ ಅಪ್ಪ ಸೀರೆ ನೇಯುತ್ತಿದ್ದವರು. ಕಾಕಾ ಮಗ್ಗಕ್ಕೆ ಕೂಡಲಿಲ್ಲ. ನೆಲದಲ್ಲಿ ತೋಡಿದ ಕುಣಿಗೆ ಕಾಲು ಇಳಿಬಿಟ್ಟುಕೊಂಡು ದಿನವಿಡೀ ನೇಯುವುದು ಅಂದರೆ ಮನುಷ್ಯನನ್ನು ಬದುಕಿದ್ದಾಗಲೇ ಅರ್ಧ ಹೂತಂತೆ, ಉಳಿದರ್ಧ ಆಮೇಲೆ ಹೂತರಾಯಿತು ಅನ್ನುತ್ತಿದ್ದರು. ಹಾಗಂದು ಪೇಟೆಯಲ್ಲಿ ಒಂದು ಫೋಟೋ ಸ್ಟುಡಿಯೋ ಹಾಕಿದರು.

ಫೋಟೋ ತೆಗೆಯುವಾಗ ನಗಿರಿ ಎಂದು ಅವರು ಯಾರಿಗೂ ಹೇಳುತ್ತಿರಲಿಲ್ಲ. ಹೇಳಿ ನಗಿಸಿದ ಮುಖ ಬಡ್ಡಿ ಕೇಳಲು ಬಂದವನ ಮುಖದಂತಿರುತ್ತದೆ ಎಂಬುದು ಅವರ ವಾದ. ಶಿರಹಟ್ಟಿಯಲ್ಲಿ ಒಂದು ಶಾಲೆಯ ಮಾಸ್ತರುಗಳ ಗುಂಪು ಫೋಟೋ ತೆಗೆಯುವಾಗ, ಎಲ್ಲರೂ ಕೋಲು ನುಂಗಿದಂತೆ ನಿಂತಿದ್ದರಂತೆ. ಕಾಕಾ ಕ್ಯಾಮೆರಾದ ಹಿಂದಿನಿಂದ, ಹೆಡ್ ಮಾಸ್ತರರೇ ನಿಮ್ಮ ಚಪ್ಪಲಿ ಆ ಹುಡುಗ ಹಾಕಿಕೊಂಡು ಹೊರಟನಲ್ಲ ಅಂದರಂತೆ. ಹೆಡ್ ಮಾಸ್ತರರೊಬ್ಬರೇ ಗಾಬರಿಯಿಂದ ಕೆಳಗೆ ನೋಡುತ್ತಿರುವ, ಉಳಿದವರೆಲ್ಲ ಹಲ್ಲು ಕಿರಿದಿರುವ ಆ ಫೋಟೋವನ್ನು ನಾನೂ ನೋಡಿದ್ದೇನೆ.

ಮದುವೆ, ಕುಬುಸ, ಹಾಲುಗಂಬ ಎಂದು ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ, ಕೆಳಗೆ ಹೊಳೆದಂಡೆಯ ಹಮ್ಮಿಗಿಯವರೆಗೆ ಓಡಾಡಲು ಅವರ ಹತ್ತಿರ ಒಂದು ಹಳೆಯ ಜೀಪಿತ್ತು. ಒಮ್ಮೆ ಮುಂಡರಗಿಯ ಬಸ್ ನಿಲ್ದಾಣದ ಹೊರಗೆ ನಿಂತು, ಹಮ್ಮಿಗಿಗೆ ಹೋಗುವವರು ಬರ್ರಿ, ಬಾಡಿಗೆ ಇಲ್ಲ ಎಂದು ಕೂಗಿದರಂತೆ. ಜೀಪು ತುಂಬಿತು. ಆಮೇಲೆ ಎಲ್ಲರನ್ನೂ ಇಳಿಸಿ, ಬಾಡಿಗೆ ಇಲ್ಲ ಅಂದೆ, ನೂಕೋದು ಇಲ್ಲ ಅಂದಿಲ್ಲ ಅಂದರು. ಇಳಿಜಾರು ಸಿಗುವವರೆಗೆ ಜನ ನೂಕಿದರು. ಆ ದಿನ ನೂಕಿದವರ ಪೈಕಿಯವರೇ ಸತ್ತ ಮನೆಯಲ್ಲಿ ಗದರಿದ ಆ ಹಿರಿಯರು.

ನನಗೆ ಸಣ್ಣಂದಿನಿಂದ ದಿನಚರಿ ಬರೆಯುವ ಚಟ. ತಾರೀಖು, ತಿಥಿ, ಮಳೆ ಬಂತೋ ಇಲ್ಲವೋ, ಓಣಿಯಲ್ಲಿ ನಲ್ಲಿ ನೀರು ಎಷ್ಟು ಹೊತ್ತಿಗೆ ಬಂತು, ಎಲ್ಲ ಬರೆಯುತ್ತೇನೆ. ಈಗ ಲಕ್ಷ್ಮೇಶ್ವರದ ಒಂದು ಕಾಳಿನ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ, ಅಲ್ಲಿಯೂ ಇದೇ ಚಟ ಅನ್ನ ಹಾಕಿದೆ. ಕಾಕಾ ನನ್ನನ್ನು ಚಿತ್ರಗುಪ್ತ ಎಂದು ಕರೆಯುತ್ತಿದ್ದರು. ನಾನು ಅವರ ಸುಳ್ಳುಗಳಿಗೆ ಮೂರು ಕಲಮು ಹಾಕಿದ್ದೆ. ಲಾಭಕ್ಕಾಗಿ ಹೇಳಿದ್ದು ಒಂದರಲ್ಲಿ, ನಗಿಸಲು ಹೇಳಿದ್ದು ಇನ್ನೊಂದರಲ್ಲಿ, ಕಾಕುವಿನಿಂದ ಪಾರಾಗಲು ಹೇಳಿದ್ದು ಮೂರನೆಯದರಲ್ಲಿ. ಒಂದು ಸುಳ್ಳಿಗೆ ಒಂದು ಗೆರೆ. ಎರಡನೆಯ ಕಲಮು ಪುಟಗಟ್ಟಲೆ ಹೋಯಿತು, ಮೂರನೆಯದು ಅದಕ್ಕೆ ಸರಿಸಮ ಓಡಿತು. ಮೊದಲನೆಯದರಲ್ಲಿ ಇವತ್ತಿಗೂ ಒಂದು ಗೆರೆಯೂ ಇಲ್ಲ.

ಕೈಯೊಳಗಿನ ಮೊಬೈಲೇ ಫೋಟೋ ತೆಗೆಯುವಂತಾದ ಮೇಲೆ ಸ್ಟುಡಿಯೋ ಮುಚ್ಚಿತು. ಜೀಪು ಮಾತ್ರ ಉಳಿಯಿತು. ಹಿತ್ತಲ ಕಡೆಯ ಹಳೆಯ ಮಗ್ಗದ ಮನೆಯನ್ನು ಕಾಕಾ ಬಹಳ ಹಿಂದೆಯೇ ಎತ್ತರ ಮಾಡಿಸಿ, ತಗಡು ಹೊದಿಸಿ, ನೆಲಕ್ಕೆ ಕಾಂಕ್ರೀಟು ಹಾಕಿಸಿ ಜೀಪಿನ ಮನೆ ಮಾಡಿದ್ದರು. ಈಗ ಬೆಳಗಾದರೆ ಅಲ್ಲಿಗೆ ಹೋಗಿ ಜೀಪಿನ ಕೆಳಗೆ ಅಂಗಾತ ಮಲಗುವುದೇ ಅವರ ದಿನದ ಕೆಲಸ. ಅದಕ್ಕೆ ನಿಜವಾಗಿ ಏನು ಕೆಟ್ಟಿದೆ ಎಂದು ಅವರು ಯಾರಿಗೂ ಹೇಳಲಿಲ್ಲ. ಕೆಡದಿದ್ದರೆ ಕೆಡಿಸಿಕೊಂಡಾದರೂ ಮಲಗುತ್ತಿದ್ದರು ಎಂದು ನನ್ನ ಅನುಮಾನ.

ಒಂದು ಬೇಸಿಗೆಯ ಮಧ್ಯಾಹ್ನ ಜಾಕು ಜಾರಿತು. ಜೀಪು ಧಡ್ ಎಂದು ಕೂತಿತು. ಕಾಕಾ ಆಗಷ್ಟೇ ನೀರು ಕುಡಿಯಲು ಹೊರಗೆ ತೆವಳಿದ್ದರು. ಒಂದು ಚಪ್ಪಲಿ ಮಾತ್ರ ಒಳಗಿತ್ತು. ಅದು ತಟ್ಟಿದ ರೊಟ್ಟಿಯಂತಾಗಿತ್ತು. ಸಪ್ಪಳಕ್ಕೆ ನಾವೆಲ್ಲ ಓಡಿ ಹೋದಾಗ ಕಾಕಾ, ಚಪ್ಪಲಿ ಹೋಯಿತು ಪಾದ ಉಳಿಯಿತು, ಲಾಭವೇ ಆಯಿತು ಎಂದು ನಗುತ್ತಿದ್ದರು. ಕಾಕು ನಗಲಿಲ್ಲ. ಆ ಚಪ್ಪಲಿಯನ್ನು ಎಳೆದು ತೆಗೆದು ಅಡಿಗೆಮನೆಯ ಗೂಡಿನಲ್ಲಿಟ್ಟರು. ಎರಡು ದಿನ ಅವರ ಮನೆಯ ಗೋಡೆಯಾಚೆಯಿಂದ ನಮಗೆ ಮಾತು ಕೇಳಲಿಲ್ಲ. ಮೂರನೆಯ ದಿನ ಕಾಕು, ಇನ್ನು ಮುಂದೆ ಜೀಪಿನ ಬುಡಕ್ಕೆ ಹೋಗುವುದಿಲ್ಲ ಎಂದು ಬನಶಂಕರಿಯ ಆಣೆ ಮಾಡಿಸಿಕೊಂಡರು. ಬೇರೆ ಯಾವ ಆಣೆಗೂ ಕಾಕಾ ಬಗ್ಗುತ್ತಿರಲಿಲ್ಲ, ಬನಶಂಕರಿಯ ಆಣೆ ಮಾತ್ರ ಮುರಿಯುತ್ತಿರಲಿಲ್ಲ. ಅದು ಅವರಿಬ್ಬರಿಗೂ ಗೊತ್ತಿತ್ತು.

ಮಳೆಗಾಲ ಶುರುವಾಗುವ ಹೊತ್ತಿಗೆ ಅವರ ಮನೆಯ ಮುಂದೆ ಒಂದು ಟೆಂಪೊ ಬಂದು ನಿಂತಿತು. ಹುಬ್ಬಳ್ಳಿಯಲ್ಲಿ ಮುಚ್ಚಿದ ಒಂದು ಗ್ಯಾರೇಜಿನ ಲಿಫ್ಟು. ನೀಲಿ ಬಣ್ಣದ ಎರಡು ಕಬ್ಬಿಣದ ಕಂಬ, ಒಂದೊಂದು ಕಂಬಕ್ಕೂ ಎರಡೆರಡು ತೋಳು, ಗುಂಡಿ ಒತ್ತಿದರೆ ತೋಳುಗಳನ್ನು ಮೇಲೆ ಕಳಿಸುವ ಮೋಟಾರು. ಜೀಪು ಆ ತೋಳುಗಳ ಮೇಲೆ ಕೂತು ಆಳೆತ್ತರ ಹೋಗುತ್ತದೆ, ಮನುಷ್ಯ ಕೆಳಗೆ ಆರಾಮಾಗಿ ನಿಂತು ಕೆಲಸ ಮಾಡಬಹುದು. ಕಾಕು ಸೊಂಟದ ಮೇಲೆ ಕೈಯಿಟ್ಟು ನೋಡಿದರು. ಆಣೆ ಏನಾಯಿತು ಎಂದು ಕೇಳಿದರು.

"ನೀ ಏನಂದಿ? ಜೀಪಿನ ಬುಡಕ ಹೋಗಬ್ಯಾಡ್ರಿ ಅಂದಿ," ಎಂದರು ಕಾಕಾ. "ನಾ ಎಲ್ಲಿ ಹೊಂಟೀನಿ? ನಾ ನಿಂತಲ್ಲೇ ನಿಂತಿರ್ತೀನಿ. ಜೀಪ ಮ್ಯಾಲೆ ಹೊಕ್ಕೈತಿ."

ಆ ದಿನದ ಗೆರೆಯನ್ನು ಎರಡನೆಯ ಕಲಮಿನಲ್ಲಿ ಹಾಕಬೇಕೋ ಮೂರನೆಯದರಲ್ಲೋ ತಿಳಿಯದೆ ನಡುವೆ ಎಳೆದಿದ್ದೇನೆ.

ಕಾಕು ಜಗಳ ಮಾಡಲಿಲ್ಲ. ಒಂದೇ ಕರಾರು ಹಾಕಿದರು. ಲಿಫ್ಟು ಕೂಡಿಸಿ ಆದ ಮೇಲೆ ತಾವು ಬಂದು ನೋಡುವುದು. ಜೀಪು ಮೇಲಿದ್ದಾಗ ಕಂಬ ಒಂದು ಕೂದಲೆಳೆಯಷ್ಟು ಅಲ್ಲಾಡಿದರೂ ಕಂಬ, ಜೀಪು ಎರಡೂ ಗುಜರಿಗೆ. ಕಾಕಾ ಮೀಸೆಯಡಿ ನಕ್ಕು ಒಪ್ಪಿದರು. ಇದಕ್ಕೂ ಬನಶಂಕರಿಯೇ ಸಾಕ್ಷಿ.

ಗದಗಿನಿಂದ ಒಬ್ಬ ಮಿಸ್ತ್ರಿಯನ್ನು ಕರೆಸಿದರು. ಹಿಟ್ಟಿನ ಗಿರಣಿ, ವಿದ್ಯುತ್ ಮಗ್ಗ ಇವನ್ನೆಲ್ಲ ನೆಲಕ್ಕೆ ಕೂಡಿಸಿದ ಕೈ ಅವರದು. ಒಳ್ಳೆಯ ಕೆಲಸಗಾರರೇ, ಆದರೆ ಯಾವಾಗಲೂ ಮುಂದಿನ ಮನೆಯ ಕೆಲಸಕ್ಕೆ ತಡವಾಗಿರುವಂಥವರು. ಲಿಫ್ಟಿನ ಜೊತೆ ಬಂದಿದ್ದ ಪುಸ್ತಕ ಇಂಗ್ಲಿಷಿನಲ್ಲಿತ್ತು. ಓದಿ ಹೇಳುವ ಕೆಲಸ ನನಗೆ ಬಂತು. ಅದರ ಸಾರ ಇಷ್ಟು. ಎರಡು ಕಂಬದ ಲಿಫ್ಟಿಗೆ ಬೇರೆ ಯಾವ ಆಸರೆಯೂ ಇಲ್ಲ. ಕಂಬದ ಬುಡದಲ್ಲಿ ಒಂದು ದಪ್ಪ ತಟ್ಟೆ, ತಟ್ಟೆಯಲ್ಲಿ ಐದು ತೂತು, ಪ್ರತಿ ತೂತಿನಿಂದ ಒಂದು ಬೋಲ್ಟು ಕಾಂಕ್ರೀಟಿನೊಳಗೆ ಇಳಿಯಬೇಕು. ಬೋಲ್ಟಿನ ತುದಿಗೆ ಒಂದು ಉಂಗುರ ಇರುತ್ತದೆ. ಮೇಲೆ ನಟ್ಟು ಬಿಗಿದ ಹಾಗೆ ಆ ಉಂಗುರ ಅಗಲವಾಗಿ ಸುತ್ತಲಿನ ಕಾಂಕ್ರೀಟನ್ನು ಕಚ್ಚಿ ಹಿಡಿಯುತ್ತದೆ. ಕಚ್ಚಲು ಗೇಣುದ್ದದ ಗಟ್ಟಿ ಕಾಂಕ್ರೀಟು ಬೇಕು. ಬಿರುಕಿನ ಹತ್ತಿರ, ಅಂಚಿನ ಹತ್ತಿರ, ಹೊಸ ನೆಲ ಹಳೆಯ ನೆಲ ಕೂಡುವ ಸಂದಿನ ಹತ್ತಿರ ಬೋಲ್ಟು ಹಾಕಬಾರದು.

ನೆಲ ಗಟ್ಟಿ ಇದೆಯಾ ಎಂದು ಮಿಸ್ತ್ರಿ ಕೇಳಿದರು. ಆನೆ ತಂದು ಕಟ್ಟಿರಿ, ಅಲ್ಲಾಡುವುದಿಲ್ಲ ಎಂದರು ಕಾಕಾ.

ಮೊದಲ ಕಂಬಕ್ಕೆ ಐದೂ ಬೋಲ್ಟು ಚೆನ್ನಾಗಿ ಕಚ್ಚಿದವು. ಮಿಸ್ತ್ರಿಯ ಹತ್ತಿರ ನಟ್ಟು ಬಿಗಿಯುವ ಒಂದು ಉದ್ದನೆಯ ಪಾನಾ ಇತ್ತು. ಬೇಕಾದಷ್ಟು ಬಿಗಿ ಬಂದೊಡನೆ ಅದು ಕಟ್ ಎಂದು ಸಪ್ಪಳ ಮಾಡುತ್ತದೆ. ಐದು ಸಲ ಕಟ್ ಅಂತು. ಕಾಕಾ ಪ್ರತಿ ಸಲವೂ ಕಾಕುವಿನ ಕಡೆ ನೋಡಿದರು. ಕಾಕು ಬಾಗಿಲ ಹೊಸ್ತಿಲ ಮೇಲೆ ಮೊರ ಇಟ್ಟುಕೊಂಡು ಜೋಳ ಹಸನು ಮಾಡುತ್ತಿದ್ದರು, ತಲೆ ಎತ್ತಲಿಲ್ಲ. ಎರಡನೆಯ ಕಂಬವನ್ನು ತಂದು ಮೂಡಗೋಡೆಯ ಕಡೆ ನಿಲ್ಲಿಸಿದಾಗ ಮಾತ್ರ ಅವರ ಕೈ ನಿಂತಿತು. ನಾನು ನೋಡಿದೆ. ಕೈ ಮತ್ತೆ ಆಡತೊಡಗಿತು.

ಮೂರು ಬೋಲ್ಟು ಕಚ್ಚಿದವು. ನಾಲ್ಕನೆಯ ತೂತು ಕೊರೆಯುವಾಗ ಮಶಿನ್ನಿನ ಧ್ವನಿಯೇ ಬದಲಾಯಿತು. ಗರ್ ಎನ್ನುತ್ತಿದ್ದುದು ಎರಡು ಬೆರಳು ಇಳಿದೊಡನೆ ಬುಸ್ ಎಂದು ಒಳಗೆ ಹೋಯಿತು. ಮಿಸ್ತ್ರಿ ಎಳೆದು ತೆಗೆದರೆ ಕೊರೆಯುವ ಸಲಾಕೆಗೆ ಏನೋ ಕಪ್ಪಗೆ ಸುತ್ತಿಕೊಂಡಿತ್ತು. ಹಾವಿನ ಪೊರೆ ಎಂದು ಅವರು ಎರಡು ಹೆಜ್ಜೆ ಹಿಂದೆ ಸರಿದರು. ಕಾಕಾ ಅವರಿಗಿಂತ ಜಲ್ದಿ ಮುಂದೆ ಬಂದು, ಅದನ್ನು ಬಿಡಿಸಿ, ಹಳೆ ವೈರಿನ ತೊಗಟೆ ಎಂದು ಹೇಳಿ ಅಂಗಿಯ ಕಿಸೆಗೆ ಹಾಕಿದರು. ಬೋಲ್ಟು ಇಳಿಸಿ ನಟ್ಟು ತಿರುವಿದರೆ ಪಾನಾ ಸುಮ್ಮನೆ ತಿರುಗಿತು. ಇನ್ನೂ ತಿರುಗಿತು. ಕಟ್ ಅನ್ನಲೇ ಇಲ್ಲ.

ಮಿಸ್ತ್ರಿ ಗಡಿಯಾರ ನೋಡಿಕೊಂಡರು. ಒಳಗೆ ಸಿಮೆಂಟಿನ ನೀರು ಸುರಿದು ಬೋಲ್ಟು ಬಡಿದರೆ ಹಿಡಿದುಕೊಳ್ಳುತ್ತದೆ, ಐದನೆಯದಕ್ಕೂ ಹಾಗೇ ಮಾಡೋಣ, ಹೇಗೂ ಮೂರು ಗಟ್ಟಿಯಾಗಿವೆಯಲ್ಲ ಅಂದರು. ಪುಸ್ತಕದಲ್ಲಿ ಹಾಗಿಲ್ಲ ಎಂದು ನಾನು ಹೇಳಹೋದೆ. ಪುಸ್ತಕ ಬರೆದವನು ಬೆಟಗೇರಿ ನೋಡಿಲ್ಲ ಎಂದು ಕಾಕಾ ನನ್ನ ಬಾಯಿ ಮುಚ್ಚಿಸಿದರು. ಅಷ್ಟು ಅವಸರದಲ್ಲಿ ಅವರು ಯಾವ ಮಾತಿಗೂ ಒಪ್ಪಿದ್ದನ್ನು ನಾನು ನೋಡಿರಲಿಲ್ಲ. ಸಿಮೆಂಟು ಕಲಸಲು ಬುಟ್ಟಿ ಬಂತು.

ಕಾಕು ಮೊರವನ್ನು ಪಕ್ಕಕ್ಕಿಟ್ಟರು.

"ಮಿಸ್ತ್ರಿ ಭಾಯಿ, ಅಲ್ಲಿ ಮಗ್ಗದ ಕುಣಿ ಐತಿ. ಅದರಾಗ ಕಾಲ ಇಳಿಬಿಟ್ಟು ಕುಂತು ನಾ ಸೀರಿ ನೇದೀನಿ."

ಮಿಸ್ತ್ರಿ ಕಾಕಾನ ಮುಖ ನೋಡಿದರು. ತಮಗೆ ನೆನಪೇ ಇಲ್ಲ ಎಂದರು ಕಾಕಾ. ನಾನು ಮನಸ್ಸಿನಲ್ಲೇ ಮೂರನೆಯ ಕಲಮಿಗೆ ಒಂದು ಗೆರೆ ಎಳೆದೆ.

ಕಾಕುವಿಗೆ ಕಂಬ ನಿಲ್ಲಿಸಿದಾಗಲೇ ತಿಳಿದಿತ್ತಂತೆ. ಮದುವೆಯಾಗಿ ಬಂದ ಹೊಸತರಲ್ಲಿ ಮಾವನ ಜೊತೆ ಸರದಿಯ ಮೇಲೆ ಆ ಕುಣಿಯಲ್ಲಿ ಕೂತವರು ಅವರು. ಕಿಟಕಿಯ ಬೆಳಕು ಎಷ್ಟು ಹೊತ್ತಿಗೆ ಎಲ್ಲಿ ಬೀಳುತ್ತದೆ ಎಂಬುದರ ಮೇಲೆ ಕಣ್ಣು ಮುಚ್ಚಿ ಜಾಗ ತೋರಿಸಬಲ್ಲರು. ಹಾಗಾದರೆ ಮೊದಲೇ ಯಾಕೆ ಹೇಳಲಿಲ್ಲ ಎಂದು ನಾನು ಆಮೇಲೆ ಕೇಳಿದೆ.

"ಇವತ್ತ ಅಲ್ಲಾಡಿದ್ರ ನಾ ಗೆದ್ದಿರ್ತಿದ್ದೆ, ಜೀಪ ಹೋಗ್ತಿತ್ತು. ಅದಕ್ಕ ಸುಮ್ನಿದ್ದೆ," ಅಂದರು. "ಆದ್ರ ಅವರು ಸಿಮೆಂಟ ಸುರೀತೀವಿ ಅಂದ್ರಲ್ಲವಾ. ಇವತ್ತ ಹಿಡದು, ನಾಳೆ ಇವರು ಬುಡಕ ನಿಂತಾಗ ಬಿಟ್ಟಿದ್ರ?"

ಅಗೆಯಬೇಕು ಎಂದಾಯಿತು. ಕಾಕಾ ಇವತ್ತು ಅಮಾವಾಸ್ಯೆ, ಮಗ್ಗದ ಜಾಗಕ್ಕೆ ಹಾರೆ ಹಾಕಬಾರದು ಎಂದು ಹೊಸ ತಕರಾರು ತೆಗೆದರು. ನಮ್ಮ ಓಣಿಯಲ್ಲಿ ಅಮಾವಾಸ್ಯೆಯ ದಿನ ಮಗ್ಗ ಮುಟ್ಟುವುದಿಲ್ಲ, ಹಾಗಾಗಿ ಮಿಸ್ತ್ರಿಯೂ ಹಿಂಜರಿದರು. ಕಾಕು ನನ್ನ ಕಡೆ ತಿರುಗಿ ಇವತ್ತು ಯಾವ ತಿಥಿ ಎಂದು ಕೇಳಿದರು. ಕಾಕಾ ಹಿಂದಿನಿಂದ ನನಗೆ ಕೈಸನ್ನೆ ಮಾಡುತ್ತಿದ್ದರು. ಅಮಾವಾಸ್ಯೆ ಮೊನ್ನೆಯೇ ಆಯಿತು, ಇವತ್ತು ಬಿದಿಗೆ ಎಂದೆ. ಚಿತ್ರಗುಪ್ತನೂ ಲಂಚ ತಿನ್ನದ ಕಾಲ ಬಂತಲ್ಲ ಎಂದು ಕಾಕಾ ಕೆಳಗೆ ಕೂತರು.

ಹಾರೆಯ ಒಂದೇ ಏಟಿಗೆ ಎರಡು ಬೆರಳು ದಪ್ಪದ ಸಿಮೆಂಟು ಹಪ್ಪಳದಂತೆ ಒಡೆಯಿತು. ಕೆಳಗೆ ಮಣ್ಣಿಲ್ಲ, ಕಲ್ಲಿಲ್ಲ. ಮುರಿದ ಫೋಟೋ ಚೌಕಟ್ಟು, ಸುಟ್ಟ ಫ್ಲ್ಯಾಶ್ ಬಲ್ಬು, ಖಾಲಿ ಡಬ್ಬಿ, ಸ್ಟುಡಿಯೋದ ಹಳೆಯ ಪರದೆಯ ತುಂಡು, ಅದರ ಮೇಲೆ ಅರ್ಧ ತಾಜಮಹಲು. ಅದೆಲ್ಲದರ ನಡುವೆ ತೂತು ಬಿದ್ದ ಒಂದು ಬಿಸ್ಕೀಟಿನ ತಗಡಿನ ಡಬ್ಬಿ. ನಮ್ಮ ಸಲಾಕೆ ಇಳಿದದ್ದು ಅದರೊಳಗೇ. ಕಾಕು ಮುಚ್ಚಳ ತೆಗೆದರು. ಫೋಟೋ ರೀಲಿನ ಕಪ್ಪು ಪಟ್ಟಿಗಳು.

ಆಗ ಕಾಕಾ, ತಾವು ಜೀವಮಾನದಲ್ಲಿ ಮಾಡಿದ ದೊಡ್ಡ ತಪ್ಪನ್ನು ಎಲ್ಲರೆದುರು ಒಪ್ಪಿಕೊಳ್ಳಬೇಕಾಯಿತು. ಕಾಕುವಿನ ತಂಗಿಯ ಮದುವೆ ಲಕ್ಷ್ಮೇಶ್ವರದಲ್ಲಿ ಆಗಿತ್ತು. ಫೋಟೋ ತೆಗೆದದ್ದು ಕಾಕಾ. ಆ ಮದುವೆಯ ಒಂದು ಫೋಟೋವೂ ಯಾರ ಹತ್ತಿರವೂ ಇಲ್ಲ. ರೀಲು ತೊಳೆಯಲು ಹುಬ್ಬಳ್ಳಿಗೆ ಕಳಿಸಿದ್ದೆ, ಬಸ್ಸಿನಲ್ಲಿ ಕಳೆಯಿತು ಎಂದು ಅವರು ಹೇಳಿದ್ದನ್ನು ಎರಡೂ ಮನೆಯವರು ನಂಬಿದ್ದರು. ತಂಗಿ ಮಾತ್ರ ಪ್ರತಿ ಪಂಚಮಿಗೆ ಬಂದಾಗಲೂ ಒಂದು ಸಲ ಅದಕ್ಕಾಗಿ ಕಣ್ಣೀರು ಹಾಕುತ್ತಿದ್ದರು. ನಡೆದದ್ದು ಬೇರೆ. ಮದುವೆಯ ಹಿಂದಿನ ವಾರ ಕಾಕಾ ಮುಂಡರಗಿಯ ದನದ ಸಂತೆಯಲ್ಲಿದ್ದರು. ಬ್ಯಾಂಕಿನ ಸಾಲದಲ್ಲಿ ಎತ್ತು ಕೊಂಡವರು ಎತ್ತಿನ ಫೋಟೋ ಕೊಡಬೇಕಾಗಿದ್ದ ಕಾಲ ಅದು. ಎತ್ತುಗಳನ್ನು ತೆಗೆದು ಮುಗಿದ ರೀಲನ್ನೇ ಹೊಸದೆಂದು ಮದುವೆಗೆ ಮತ್ತೆ ಕ್ಯಾಮೆರಾಕ್ಕೆ ಹಾಕಿಬಿಟ್ಟಿದ್ದರು. ತೊಳೆದು ನೋಡಿದಾಗ ಎರಡರ ಚಿತ್ರಗಳೂ ಒಂದರ ಮೇಲೊಂದು ಕೂತಿದ್ದವು. ಕಾಕು ಮದುವೆ ಮುಗಿಸಿಕೊಂಡು ತವರಿನಿಂದ ಬರುವುದರೊಳಗೆ ಅವರು ಕುಣಿಯೊಳಗೆ ರೀಲು ಹಾಕಿ, ಸ್ಟುಡಿಯೋದ ಕಸವನ್ನೆಲ್ಲ ಅದರ ಮೇಲೆ ಸುರಿದು, ಗಿಲಾವು ಮಾಡಿಸಿದ್ದರು. ಮಗ್ಗ ನಿಲ್ಲಿಸಿದ್ದು ದುಡಿತ ಸಾಲದ್ದಕ್ಕೆ ಎಂದು ಕಾಕು ತಿಳಿದಿದ್ದರು. ಮುಂದೆ ಜೀಪಿಗಾಗಿ ನೆಲ ಹಾಕಿಸುವಾಗಲೂ, ಆ ಮೂಲೆ ಗಟ್ಟಿ ಇದೆ ಅದನ್ನು ಒಡೆಯಬೇಡ, ಮೇಲೆ ತೆಳ್ಳಗೆ ಸವರು ಎಂದು ಗೌಂಡಿಗೆ ಹೇಳಿದವರು ಕಾಕಾನೇ.

ಕಾಕು ಒಂದು ಪಟ್ಟಿಯನ್ನು ಟ್ಯೂಬ್‌ಲೈಟಿಗೆ ಹಿಡಿದರು. ಫೋಟೋಗ್ರಾಫರನ ಹೆಂಡತಿ, ಕಪ್ಪನ್ನು ಬಿಳಿ ಮಾಡಿ ಬಿಳಿಯನ್ನು ಕಪ್ಪು ಮಾಡಿ ನೋಡಬಲ್ಲವರು. ನನಗೂ ತೋರಿಸಿದರು. ತಂಗಿ ಚೆನ್ನಾಗಿಯೇ ಬಂದಿದ್ದರು. ಮದುಮಗನ ಬಾಸಿಂಗದ ಎರಡೂ ಬದಿಯಿಂದ ಒಂದೊಂದು ಕೋಡು ಮೂಡಿತ್ತು. ಇನ್ನೊಂದರಲ್ಲಿ ಅಕ್ಷತೆ ಬೀಳುತ್ತಿದ್ದುದು ಎತ್ತಿನ ಹೆಗಲಿನ ಇಣಿಯ ಮೇಲೆ. ಮಿಸ್ತ್ರಿ ಹಾರೆಗೆ ಗದ್ದ ಊರಿಕೊಂಡು ಕಾದರು. ಕಾಕಾ ನೆಲ ನೋಡುತ್ತಿದ್ದರು. ಕಾಕು ಬಹಳ ಹೊತ್ತು ನೋಡಿ, ಯಾವ ಸಿಟ್ಟೂ ಇಲ್ಲದ ದನಿಯಲ್ಲಿ ಹೇಳಿದರು:

"ಫೋಟೋ ಬರೋಬ್ಬರಿ ಬಂದೈತಲ್ರಿ. ಯಾಕ ಮುಚ್ಚಿಟ್ರಿ?"

ಕಾಕಾನ ಷಡ್ಡಕರು, ಅಂದರೆ ಆ ಮದುಮಗ, ಈಗ ಲಕ್ಷ್ಮೇಶ್ವರದಲ್ಲಿ ದೊಡ್ಡ ಕಾಳಿನ ವ್ಯಾಪಾರಿ. ಯಾರ ಮಾತನ್ನೂ ಕೇಳುವವರಲ್ಲ, ತಲೆ ತಗ್ಗಿಸಿ ನುಗ್ಗುವವರು. ಆ ವರ್ಷದ ಪಂಚಮಿಗೆ ಬಂದ ತಂಗಿ ಪಟ್ಟಿ ನೋಡಿ ಕಣ್ಣಲ್ಲಿ ನೀರು ಬರುವಂತೆ ನಕ್ಕು, ಒಂದನ್ನು ಅಚ್ಚು ಹಾಕಿಸಿ ಚೌಕಟ್ಟು ಕಟ್ಟಿಸಿಕೊಂಡು ಹೋದರು. ಅದು ಈಗ ಅವರ ಪಡಸಾಲೆಯಲ್ಲಿದೆ. ಗಂಡ ಅದರ ಮೇಲೆ ಕ್ಯಾಲೆಂಡರು ತೂಗುಹಾಕುತ್ತಾರೆ, ಹೆಂಡತಿ ತೆಗೆಯುತ್ತಾರೆ.

ಈಗ ಮಿಸ್ತ್ರಿಯೂ ಅವಸರ ಬಿಟ್ಟರು. ಕಾಕುವಿನ ಎದುರು ಅವಸರ ಮಾಡುವ ಧೈರ್ಯ ಅವರಿಗೆ ಉಳಿದಿರಲಿಲ್ಲ. ಕುಣಿಯನ್ನು ತಳದವರೆಗೆ ಬರಿದು ಮಾಡಿದರು. ಅಷ್ಟಕ್ಕೇ ನಿಲ್ಲಿಸದೆ, ಹಳೆಯ ನೆಲಕ್ಕೂ ಹೊಸದಕ್ಕೂ ನಡುವಿನ ಸಂದು ಕಂಬದ ತಟ್ಟೆಯ ಹತ್ತಿರ ಬರಬಾರದು ಎಂದು ಕುಣಿಯ ಸುತ್ತಲೂ ಅಗಲವಾಗಿ ನೆಲ ಕತ್ತರಿಸಿದರು. ಮೊದಲು ಕಚ್ಚಿದ್ದ ಮೂರು ಬೋಲ್ಟುಗಳೂ ಹೋದವು. ತಳಕ್ಕೆ ಕಲ್ಲು ಬಡಿದು, ಸರಳು ಕಟ್ಟಿ, ಒಂದೇ ಬಾರಿಗೆ ತುಂಬುವಷ್ಟು ಖಡಿ, ಉಸುಕು, ಸಿಮೆಂಟು ಕಲಸಿದರು. ಸುರಿಯುವ ಮೊದಲು ಕಾಕು ಕುಣಿಯ ಅಂಚಿಗೆ ಅರಿಷಿಣ ಕುಂಕುಮ ಇಟ್ಟು ಕಾಯಿ ಒಡೆದರು. ಆಮೇಲೆ ಕಾಕಾನನ್ನು ಕರೆದು, ಕೈ ಮೇಲೆತ್ತಿ ನಿಲ್ಲಿಸಿ, ಎಲ್ಲ ಕಿಸೆಗಳನ್ನೂ ತಾವೇ ತಡಕಿ ನೋಡಿದರು. ಒಂದು ಲೆನ್ಸಿನ ಮುಚ್ಚಳ ಸಿಕ್ಕಿತು. ಅದು ಯಾಕೆ ಇತ್ತು ಎಂದು ಕಾಕಾ ಕೊನೆಯವರೆಗೂ ಹೇಳಲಿಲ್ಲ.

ಕಾಂಕ್ರೀಟು ಪೂರಾ ಗಟ್ಟಿಯಾಗಲು ನಾಲ್ಕು ವಾರ ಬೇಕು, ಅಲ್ಲಿಯವರೆಗೆ ಡ್ರಿಲ್ಲು ಮುಟ್ಟಿಸಬಾರದು ಎಂದು ಪುಸ್ತಕದಲ್ಲಿತ್ತು. ಆ ನಾಲ್ಕು ವಾರ ಕಾಕಾ ಹೆರಿಗೆ ಕೋಣೆಯ ಹೊರಗೆ ನಿಂತ ಗಂಡನಂತೆ ತಿರುಗಿದರು. ಕಾಕು ಗೋಣಿಚೀಲ ಹಾಸಿ ಹೊತ್ತೊತ್ತಿಗೆ ನೀರು ಹಾಕಿದರು. ಜೀಪು ತೊಲಗಲಿ ಎಂದವರೇ ಅದರ ನೆಲಕ್ಕೆ ನೀರು ಹಾಕುವುದನ್ನು ನೋಡಿ ನಮ್ಮ ಅವ್ವ ಬೆರಗಾದಳು. ಕಾಕಾ ಒಂದು ದಿನ, ಮಿಸ್ತ್ರಿ ಫೋನ್ ಮಾಡಿದ್ದರು ಎರಡೇ ವಾರ ಸಾಕಂತೆ ಅಂದರು. ಕಾಕು ಮಿಸ್ತ್ರಿಗೇ ಫೋನ್ ಹಚ್ಚಿದರು. ಇನ್ನೊಂದು ದಿನ ಕಾಕಾ ನಮ್ಮ ಗೋಡೆಯ ಮೇಲಿಂದ ಇಣುಕಿ ನನ್ನನ್ನು ಕರೆದರು.

"ಚಿತ್ರಗುಪ್ತ, ನಿನ್ನ ಡೈರಿಯಾಗ ಒಂದ ನಾಕ ದಿನ ಜಿಗದು ಬರಿಯವ್ವಾ. ಯಾರಿಗೂ ಗೊತ್ತಾಗಂಗಿಲ್ಲ."

ನಾನು ಬರೆಯಲಿಲ್ಲ. ನಾಲ್ಕು ವಾರ ತುಂಬಿದ ಮರುದಿನ ಬೆಳಿಗ್ಗೆ ಮಿಸ್ತ್ರಿ ಬಂದರು. ಗೌಂಡಿಗಳ ತೂಗುಗುಂಡು ಇಳಿಬಿಟ್ಟು ಕಂಬ ನೆಟ್ಟಗಿದೆಯೇ ನೋಡಿದರು. ಓರೆಯಾದ ಕಡೆ ತಟ್ಟೆಯಡಿ ತೆಳು ಕಬ್ಬಿಣದ ಹಾಳೆ ಕೊಟ್ಟರು. ಒಂದೊಂದು ತೂತು ಕೊರೆದಾಗಲೂ ಸೈಕಲ್ ಪಂಪಿನಿಂದ ಒಳಗಿನ ಧೂಳನ್ನೆಲ್ಲ ಊದಿ ತೆಗೆದರು. ಧೂಳಿದ್ದರೆ ಬೋಲ್ಟು ಧೂಳನ್ನು ಕಚ್ಚುತ್ತದೆಯೇ ಹೊರತು ಕಾಂಕ್ರೀಟನ್ನಲ್ಲ. ಬೋಲ್ಟು ಬಡಿದು ಪಾನಾ ಹಾಕಿ ತಿರುವಿದರು. ಕಟ್. ಎರಡನೆಯದು, ಮೂರನೆಯದು, ನಾಲ್ಕನೆಯದು. ಐದನೆಯ ಸಲ ಪಾನಾವನ್ನು ಕಾಕುವೇ ಇಸಿದುಕೊಂಡು ಎರಡು ಕೈಯಿಂದ ಜಗ್ಗಿದರು. ಕಟ್ ಅಂತು. ಅವರು ಪಾನಾ ವಾಪಸು ಕೊಡಲಿಲ್ಲ.

ಜೀಪನ್ನು ತೋಳುಗಳ ಮೇಲೆ ಕೂಡಿಸಿ ಮೊದಲು ಒಂದು ಗೇಣು ಎತ್ತಿದರು. ಮಿಸ್ತ್ರಿ ಬಂಪರು ಹಿಡಿದು ಜಗ್ಗಾಡಿ ನೋಡಿದರು. ಕಾಕಾ ಗುಂಡಿ ಒತ್ತಿದರು. ಜೀಪು ಮೆಲ್ಲಗೆ ಮೇಲೆ ಹೋಯಿತು, ಅದರ ಹೊಟ್ಟೆ ಎಲ್ಲರಿಗೂ ಕಾಣುವಂತಾಯಿತು, ಕಂಬದೊಳಗಿನ ಕೊಂಡಿಗಳು ಟಕ್ ಟಕ್ ಎಂದು ಬಿದ್ದು ಹಿಡಿದುಕೊಂಡವು. ಕಾಕು ಒಂದು ಕಂಬಕ್ಕೆ ಅಂಗೈ ಹಚ್ಚಿ ನಿಂತರು, ಇನ್ನೊಂದಕ್ಕೂ ಹಚ್ಚಿದರು. ಎಲ್ಲಿಯೂ ಏನೂ ಅಲ್ಲಾಡಲಿಲ್ಲ. ಕಾಕಾ ಗೆದ್ದ ಮುಖ ಮಾಡಿ ಮಾತಿಗೆ ಬಾಯಿ ತೆರೆಯುತ್ತಿದ್ದರು.

ಅಷ್ಟರಲ್ಲಿ ಕಾಕು ಸೆರಗು ಸೊಂಟಕ್ಕೆ ಸಿಕ್ಕಿಸಿ ನಡೆದು ಹೋಗಿ ಜೀಪಿನ ಕೆಳಗೆ, ನಟ್ಟನಡುವೆ ನಿಂತುಬಿಟ್ಟರು.

ಕಾಕಾನ ಬಾಯಿ ತೆರೆದೇ ಉಳಿಯಿತು. ಊರನ್ನೆಲ್ಲ ಕಾಡಿದ ಮನುಷ್ಯನ ಮುಖ ಗೋಡೆಯ ಸುಣ್ಣದ ಬಣ್ಣಕ್ಕೆ ತಿರುಗಿದ್ದನ್ನು ನಾನು ಅದೊಂದು ಸಲ ನೋಡಿದ್ದು.

"ಏ, ಹೊರಗ ಬಾ ನೀ," ಎಂದರು.

"ಯಾಕ್ರಿ? ಗಟ್ಟಿ ಐತಿ ಅಂದ್ರಲ್ಲ."

"ಐತಿ. ಆದ್ರೂ ಬಾ."

ಕಾಕು ಅಲ್ಲಿಯೇ ನಿಂತು ಜೀಪಿನ ತಳವನ್ನು ಆ ತುದಿಯಿಂದ ಈ ತುದಿಯವರೆಗೆ ನಿಧಾನ ನೋಡಿದರು. ಕಾಕಾ ಒಂದು ಹೆಜ್ಜೆ ಮುಂದಿಟ್ಟು, ಹಿಂದಿಟ್ಟು, ಎರಡೂ ಕೈಯಿಂದ ಕಂಬ ತಬ್ಬಿ ಹಿಡಿದರು. ಅವರು ಹಿಡಿದರೆ ಕಂಬ ನಿಲ್ಲುತ್ತದೆ ಎನ್ನುವಂತೆ.

"ನನಗೂ ಹಿಂಗ ಆಗ್ತಿತ್ರಿ," ಎಂದರು ಕಾಕು. "ದಿನಾ."

ಮಿಸ್ತ್ರಿ ತಮ್ಮ ಹತ್ಯಾರಗಳನ್ನು ಚೀಲಕ್ಕೆ ತುಂಬುವುದರಲ್ಲಿ ಬಹಳ ಆಸಕ್ತಿ ತೋರಿಸಿದರು. ಕಾಕು ಹೊರಗೆ ಬಂದು, ಸೆರಗು ಬಿಚ್ಚಿ ಮುಖ ಒರೆಸಿಕೊಂಡು, ಇನ್ನು ನೀವು ಹೋಗಬಹುದು, ಬನಶಂಕರಿಗೆ ನಾನು ಹೇಳಿಕೊಳ್ಳುತ್ತೇನೆ ಅಂದರು.

ಕಾಕಾ ಹೊಸ ಅಳಿಯ ಅತ್ತೆಯ ಮನೆಗೆ ಕಾಲಿಡುವಂತೆ ಮೆಲ್ಲಗೆ ಒಳಗೆ ಹೋದರು. ಕತ್ತು ಮೇಲೆತ್ತಿ ನಿಂತರು. ಅಂಗಾತ ಮಲಗದೆ ಜೀಪಿನ ಹೊಟ್ಟೆ ನೋಡುವುದು ಅವರಿಗೆ ಅದೇ ಮೊದಲು. ಒಂದು ಬೆರಳು ಎತ್ತಿ ಎಣ್ಣೆ ಸೋರಿದ ಜಾಗವನ್ನು ಮುಟ್ಟಿದರು. ಮುಖಕ್ಕೆ ಬಣ್ಣ ಬಂತು. ಏನೋ ಹಾಡು ಗುನುಗತೊಡಗಿದರು.

ಕಾಕು ಕೈಯಲ್ಲಿದ್ದ ಪಾನಾವನ್ನು ಎತ್ತಿ ಕಂಬಕ್ಕೆ ಠಣ್ ಎಂದು ಬಾರಿಸಿದರು.

ಅಷ್ಟು ವಯಸ್ಸಿನ ಮನುಷ್ಯ ಅಷ್ಟು ದೂರ ಜಿಗಿಯಬಹುದು ಎಂದು ನಮಗೆ ಗೊತ್ತಿರಲಿಲ್ಲ. ಕಾಕಾ ನೇರ ಬಾಗಿಲಾಚೆ ಹಿತ್ತಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹೋಗಿ ನಿಂತಿದ್ದರು. ಗ್ರೀಸಿನ ಡಬ್ಬಿ ಒಂದು ಕಡೆ, ಚಪ್ಪಲಿ ಒಂದು ಕಡೆ. ಒಳಗೆ ಜೀಪು ಎಲ್ಲಿತ್ತೋ ಅಲ್ಲಿಯೇ ಇತ್ತು.

ಕಾಕು ಪಾನಾವನ್ನು ಮಿಸ್ತ್ರಿಯ ಕೈಗೆ ಕೊಟ್ಟು, ಜೋಳದ ಮೊರ ಎತ್ತಿಕೊಂಡರು.

"ಕಂಬ ಗಟ್ಟಿ ಅದಾವ್ರಿ," ಎಂದರು. "ಅಲ್ಲಾಡಿದವ್ರು ನೀವು."